ಗೇಟಿನಾಚೆಗೂ ಕೈಮಾತು

ಹೊಲಿಗೆ ಅಂಗಡಿಯ ಗುಬ್ಬಿ ತಲೆಯೆತ್ತಿದಳು. ಅಷ್ಟೇ... ಸೂಜಿ ಬಟ್ಟೆ ಬಿಟ್ಟು ಬೆರಳಿಗೆ ಚುಚ್ಚಿತು!

ಎದುರಿಗೆ ನಿಂತಿದ್ದವನು ಊರಂಚಿನ ಗಡಿ ದಾಟಿ ಬಂದ ಗಡಿಯಾರ ರಿಪೇರಿಯವನು. ಕೋಟಿನ ಗುಂಡಿ ಕಿತ್ತುಹೋಗಿತ್ತು. ಗುಬ್ಬಿಯಂತೆ ಅವನಿಗೂ ಕಿವಿ ಕೇಳದು.

"ನೋವಾಯ್ತಾ?" ಕೈಯಲ್ಲೇ ಕೇಳಿದ.

ಅಯ್ಯೋ... ಥೇಟ್ ತನ್ನ ಶಾಲೆಯ ಕೈಮಾತು!

ಅದರಲ್ಲೇನು ಸೋಜಿಗ? ಅವಳ ಟೀಚರಮ್ಮ ಕಲಿತದ್ದು ಅವನ ಊರಿನ ಶಾಲೆಯಲ್ಲೇ. ಕೈಮಾತಿಗೆ ಪಾಸ್‌ಪೋರ್ಟ್ ಕೇಳುವವರು ಯಾರು?

ಆಮೇಲೆ ಆ ಗುಂಡಿಗೆ ಅದೇನು ರೋಗವೋ! ವಾರವಾರವೂ ಕಿತ್ತು ಬರುತ್ತಿತ್ತು. ಒಂದು ಗುಂಡಿಗೆ ಎರಡು ಗಂಟೆ ಮಾತು!

ಅಮ್ಮನಿಗೆ ವಾಸನೆ ಬಡಿಯಿತು.

"ಬೇರೆ ದೇಶದವನು ಕಣೇ! ಅವರ ಭಾಷೆ ನಮಗೆ ಬರುತ್ತಾ? ನಮ್ಮ ದೇಶದ ಗಂಡನ್ನೇ ತರ್ತೀನಿ," ಎಂದು ಬಾಯಿ, ಕೈ ಎರಡೂ ಆಡಿಸಿದಳು.

ತಂದೇಬಿಟ್ಟಳು. ರಾಜಧಾನಿಯ ಪ್ರಿಂಟಿಂಗ್ ಪ್ರೆಸ್ಸಿನವನು, ಅವನಿಗೂ ಕಿವಿ ಕೇಳದು. ಒಳ್ಳೆಯವನೇ. ತಲೆಗೆ ಮಾತ್ರ ಅರ್ಧ ಸೇರು ಎಣ್ಣೆ!

ಅವನು ಕೈ ಆಡಿಸಿದ. ಗುಬ್ಬಿ ಪಿಳಿಪಿಳಿ ಕಣ್ಣು ಬಿಟ್ಟಳು. 'ಟೀ ಕುಡೀತೀರಾ?' ಎಂದು ಅವಳು ಕೇಳಿದರೆ, ಅವನು ಎದ್ದುಹೋಗಿ ಕಿಟಕಿ ಮುಚ್ಚಿದ!

ಕೊನೆಗೆ ಚೀಟಿ ಬರೆದ: 'ನಮ್ಮ ಶಾಲೆಯ ಕೈಮಾತೇ ಬೇರೆ.'

"ಬರ್ಕೊಂಡೇ ಸಂಸಾರ ಮಾಡಿ!" ಎಂದಳು ಅಮ್ಮ.

"ಜಗಳಕ್ಕೂ ಚೀಟಿ ಬರೀಬೇಕಾ ಅಮ್ಮಾ?" ಗುಬ್ಬಿ ಕೈಯಲ್ಲೇ ಕೇಳಿದಳು.

ಅಷ್ಟರಲ್ಲಿ ಗಡಿಯಾರದವನು ಬಾಗಿಲಿಗೆ ಬಂದ. ಸಿಂಗರಿಸಿಕೊಂಡು ಕೂತ ಗಂಡನ್ನು ಕಂಡ. "ಸುಖವಾಗಿರು," ಎಂದು ಕೈಮಾಡಿ ಹೊರಟೇಹೋದ.

ಅಮ್ಮ ಬೆಚ್ಚಿದಳು. ತಾನು ತಂದ ಗಂಡಿನ ಒಂದು ಮಾತೂ ತಿಳಿಯಲಿಲ್ಲ... ಬೇಡವೆಂದವನ ಮಾತು ಪೂರಾ ತಿಳಿಯಿತಲ್ಲ!

"ಏಯ್ ಗಡಿಯಾರಾ, ನಿಲ್ಲೋ!" ಏಳು ಊರು ಅದುರುವಂತೆ ಕೂಗಿದಳು. ಯಾರಿಗೆ? ಕಿವಿ ಕೇಳದವನಿಗೆ!

ತಾಯಿ ಮಗಳು ಎದ್ದೆವೋ ಬಿದ್ದೆವೋ ಎಂದು ಗಡಿಗೆ ಓಡಿದರು. ಅವನು ದಾಟಿಯಾಗಿತ್ತು. ಗೇಟು ಬಿತ್ತು.

'ತಿರುಗು... ಒಂದೇ ಒಂದು ಸಲ ತಿರುಗು...' ಗುಬ್ಬಿ ಗೇಟಿಗೆ ಆತು ನಿಂತಳು.

ತಿರುಗಿದ!

"ಅವನನ್ನ ಒಪ್ಪಿಲ್ಲ! ನೀನೇ ಬೇಕು!" ಎರಡೂ ಕೈಯೆತ್ತಿ ಹೇಳಿದಳು.

"ಅಮ್ಮ?" ಆಚೆಯಿಂದ ಕೇಳಿದ.

ಅಮ್ಮನೂ ಕೈಯೆತ್ತಿದಳು. "ಬಾರಪ್ಪ ಅಳಿಯ!"

ಕಾವಲಿನವನು ಗದರಿದ, "ಏನಮ್ಮಾ, ಏನು ದಾಟಿಸ್ತಿದ್ದೀರಿ ಆಚೆಗೆ?"

"ಮಗಳನ್ನ ಕಣಪ್ಪ!" ಎಂದು ಅಮ್ಮ ಅಳುತ್ತಲೇ ನಕ್ಕಳು.

ಗುಬ್ಬಿಗೆ ಈಗ ಉಸಿರು ಬಂತು.

ಆಚೆಯವನು ತಲೆ ತಗ್ಗಿಸಿದ. "ಒಂದು ತಪ್ಪೊಪ್ಕೋಬೇಕು... ಗುಂಡಿ ನಾನೇ ಕೀಳ್ತಿದ್ದೆ."

"ಗೊತ್ತು," ಎಂದವು ಅವಳ ಕೈಗಳು. "ಅದಕ್ಕೇ ಸಡಿಲವಾಗಿ ಹೊಲೀತಿದ್ದೆ."