ಕೆಂಪಿ ಎದ್ದದ್ದು ಹೇಗೆ?

"ಅಜ್ಜಿ, ಅಕ್ಕ ಕಣ್ಣೇ ಮಿಟುಕಿಸ್ದೆ ಕುಂತವ್ಳೆ. ಕೆಂಪೀನ ಮನಸ್ಸಲ್ಲೇ ಎಬ್ಬಿಸ್ತಾವ್ಳೆ."

ಚಿನ್ನು ಅಡುಗೆಮನೆಗೆ ಓಡಿಬಂದು ವರದಿ ಒಪ್ಪಿಸಿ, ಅದೇ ಸುದ್ದಿಯನ್ನು ಬೀದಿಗೂ ತಲುಪಿಸಲು ಹೊರಗೆ ಓಡಿದ.

ಕೊಟ್ಟಿಗೆಯಲ್ಲಿ ಅವನ ಅಕ್ಕ ಸ್ನೇಹ ಕುಕ್ಕರಗಾಲಲ್ಲಿ ಕುಳಿತಿದ್ದಳು. ಎದುರಿಗೆ ಕೆಂಪಿ ಎಂಬ ಹಸು ಮಲಗಿ ಮೆಲುಕು ಹಾಕುತ್ತಿತ್ತು. ಐದನೇ ಕ್ಲಾಸಿನ ಹುಡುಗಿ ಭಾನುವಾರ ಬೆಳಿಗ್ಗೆ ಆಟ ಬಿಟ್ಟು ಹಸುವನ್ನು ನುಂಗುವ ಹಾಗೆ ನೋಡುತ್ತಾಳೆ ಅಂದರೆ ಅದಕ್ಕೊಂದು ಕಾರಣ ಇರಲೇಬೇಕು. ಆ ಕಾರಣದ ಹೆಸರು ಕಿಶನ್.

ಕಿಶನ್ ಅವಳ ಕ್ಲಾಸಿನವನೇ, ಪಕ್ಕದ ಬೀದಿಯವನು. ಜಪಾನಿನ ಕಾರ್ಟೂನು ನೋಡಬೇಕೆಂದರೆ ಸ್ನೇಹ ಅವನ ಮನೆಗೇ ಹೋಗಬೇಕು. ಅವನಪ್ಪನ ಮೊಬೈಲು ದೊಡ್ಡದು, ನೆಟ್ ಪ್ಯಾಕೂ ದೊಡ್ಡದು. ಆ ಕಾರ್ಟೂನಿನಲ್ಲಿ ಒಬ್ಬ ಸ್ಕೂಲು ಹುಡುಗ ಬರುತ್ತಾನೆ. ಕೈ ಸೋಕಿಸದೆ, ಬರೀ ಮನಸ್ಸಿನ ಶಕ್ತಿಯಿಂದ ಛತ್ರಿ ಎತ್ತುತ್ತಾನೆ, ಸೈಕಲ್ಲು ಎತ್ತುತ್ತಾನೆ, ಒಂದು ಸಲ ಬಸ್ಸನ್ನೇ ಎತ್ತಿದ್ದ.

ಕಿಶನ್‌ಗೆ ಎತ್ತುವುದು, ಎಸೆಯುವುದು, ಧೂಳೆಬ್ಬಿಸುವುದು ಇಷ್ಟ. ಸ್ನೇಹಳಿಗೆ ಇಷ್ಟವಾದದ್ದೇ ಬೇರೆ. ಶಕ್ತಿ ಬಂದಾಗ ಆ ಹುಡುಗನ ಮೈಯ ಗೆರೆಗಳು ನಡುಗುತ್ತಿದ್ದವು, ಬಣ್ಣ ಗೆರೆ ದಾಟಿ ಕ್ರೇಯಾನು ಉಜ್ಜಿದ ಹಾಗೆ ಹರಡುತ್ತಿತ್ತು. "ಪಾಝ್ ಮಾಡು," ಎನ್ನುತ್ತಿದ್ದಳು. ನಿಲ್ಲಿಸಿ ನೋಡಿದರೆ ಓಡುವ ಹುಡುಗನ ಕಾಲು ನಾದಿದ ಹಿಟ್ಟಿನಂತೆ ಉದ್ದಕ್ಕೆ ಎಳೆದುಕೊಂಡಿರುತ್ತಿತ್ತು. ಮತ್ತೆ ಬಿಟ್ಟರೆ ಅದೇ ಕಾಲು ಎಷ್ಟು ಚೆಂದವಾಗಿ ಓಡುತ್ತಿತ್ತು! ಇದನ್ನೆಲ್ಲ ಯಾರೋ ಕೂತು ಕೈಯಲ್ಲಿ ಬರೆದಿದ್ದಾರೆ ಅಂದುಕೊಂಡರೆ ಅವಳಿಗೆ ಖುಷಿ ಉಕ್ಕಿ ಬರುತ್ತಿತ್ತು. ಕಿಶನ್‌ಗೆ ಉಕ್ಕುತ್ತಿದ್ದದ್ದು ಸಿಟ್ಟು. ಇವಳ ಜೊತೆ ಒಂದು ಎಪಿಸೋಡು ಮುಗಿಸುವಷ್ಟರಲ್ಲಿ ಫೋನಿನ ಚಾರ್ಜೇ ಮುಗಿದಿರುತ್ತಿತ್ತು.

ನಿನ್ನೆಯ ಎಪಿಸೋಡಿನಲ್ಲಿ ಒಂದು ಹಸು ರಸ್ತೆಗೆ ಅಡ್ಡ ಮಲಗಿತ್ತು. ಹುಡುಗ ಹಲ್ಲು ಕಚ್ಚಿ ಶಕ್ತಿಯನ್ನೆಲ್ಲ ಹಾಕಿದ. ಹಸು ಜಪ್ಪಯ್ಯ ಅನ್ನಲಿಲ್ಲ. ಅವನು ಸೋತು ಕುಸಿದ ಮೇಲೆ ತನ್ನ ಪಾಡಿಗೆ ತಾನು ಎದ್ದು ಹೋಯಿತು. ಮೊದಲು ಹಿಂಗಾಲು ಎತ್ತಿತು, ಆಮೇಲೆ ಮುಂಗಾಲು.

ಕಿಶನ್ ಬಿದ್ದು ಬಿದ್ದು ನಕ್ಕ. "ಹಸು ಎಲ್ಲಾದ್ರೂ ಕುಂಡಿ ಮೊದ್ಲು ಎತ್ತದಾ? ಅವ್ರಿಗೆ ಬರಿಯಾಕೇ ಬರಕಿಲ್ಲ ಕಣಮ್ಮಿ."

ಮಳೆಯ ಹನಿ ನೆಲಕ್ಕೆ ಬಿದ್ದು ಒಡೆಯುವುದನ್ನೂ ಬಿಡದೆ ಬರೆದವರಿಗೆ ಹಸು ಬರೆಯಲು ಬರುವುದಿಲ್ಲವೇ? ಸ್ನೇಹಳಿಗೆ ತನ್ನನ್ನೇ ಬೈದಷ್ಟು ಕೋಪ ಬಂತು. ಮಾತಿಗೆ ಮಾತು ಬೆಳೆದು ಪಂದ್ಯಕ್ಕೆ ನಿಂತಿತು. ಚಿತ್ರ ತಪ್ಪಾಗಿದ್ದರೆ ಸ್ನೇಹ ಇನ್ನು ಅವನ ಮನೆಗೆ ಕಾರ್ಟೂನು ನೋಡಲು ಬರುವ ಹಾಗಿಲ್ಲ. ಸರಿಯಾಗಿದ್ದರೆ ಎಷ್ಟು ಸಲ ಬೇಕಾದರೂ ಪಾಝ್ ಮಾಡಬಹುದು. ಕಥೆಯ ಕೊನೆ ಇನ್ನೂ ಬಾಕಿಯಿತ್ತು. ಅದನ್ನು ನೋಡದೆ ಇರುವುದು ಹೇಗೆ ಎಂದು ಅವಳಿಗೆ ರಾತ್ರಿ ಊಟವೂ ರುಚಿಸಲಿಲ್ಲ.

ದನ ಕಟ್ಟುವ ಮನೆಯಲ್ಲೇ ಹುಟ್ಟಿ ಬೆಳೆದರೂ ಉತ್ತರ ಅವಳಿಗೆ ಗೊತ್ತಿರಲಿಲ್ಲ. ಮನೆಯವರನ್ನು ಕೇಳಿದಳು. ಮುಂಗಾಲು ಎಂದರು ತಾತ ಕರಿಯಯ್ಯ. ಹಿಂಗಾಲು ಎಂದರು ಅಜ್ಜಿ ಮಂಗಳಮ್ಮ. ನಾಲ್ಕೂ ಒಟ್ಟಿಗೆ ಇರಬೇಕು ಎಂದ ಅಪ್ಪ. ಹುಟ್ಟಿದಾಗಿಂದ ದನ ಕಟ್ಟಿದವನಿಗೆ ಹೇಳಿಕೊಡಲು ಬರುತ್ತೀಯಾ ಎಂದು ತಾತ ಗುಡುಗಿದರು.

"ಕಟ್ಟಿದ್ದು ನೀವು, ಸಗಣಿ ಬಾಚಿದ್ದು ನಾನು," ಎಂದರು ಅಜ್ಜಿ.

ಬೆಳಿಗ್ಗೆ ಎದ್ದರೂ ಜಗಳ ಮುಗಿದಿರಲಿಲ್ಲ. ಗದರಿಸಿ ಎಬ್ಬಿಸೋಣವೆಂದರೆ ಕೆಂಪಿ ಗಬ್ಬದ ಹಸು, ಮುಟ್ಟಿದರೆ ಜೋಕೆ ಎಂದು ಅಜ್ಜಿ ಹೇಳಿದ್ದರು. ಹಾಗಾಗಿ ಕಾಯುವುದೊಂದೇ ದಾರಿ. ಸ್ನೇಹ ಕುಳಿತಳು. ಸಾಕ್ಷಿಗೆ ಕಿಶನ್ ಬಂದ. ತಾತ ತಮ್ಮ ಮಾತು ಗೆಲ್ಲುವುದನ್ನು ನೋಡಲು ಮಂಚವನ್ನೇ ಕೊಟ್ಟಿಗೆಯ ಬಾಗಿಲಿಗೆ ಹಾಕಿಸಿಕೊಂಡರು. ಅಜ್ಜಿ ಕೈ ಒರೆಸಿಕೊಳ್ಳುತ್ತ ಬಂದು ನಿಂತರು, ಅಪ್ಪ ಹಲ್ಲುಜ್ಜುತ್ತ ನಿಂತ. ಇಷ್ಟು ಮರ್ಯಾದೆಯನ್ನು ಕೆಂಪಿ ಹುಟ್ಟಿದ ಮೇಲೆ ಕಂಡಿರಲಿಲ್ಲ. ಏಳುವ ಯೋಚನೆಯನ್ನೇ ಬಿಟ್ಟು ಹಾಯಾಗಿ ಮೆಲುಕು ಹಾಕಿತು.

ಅಷ್ಟರಲ್ಲಿ ಮೊಣಕಾಲವರೆಗೆ ಕೆಸರು ಮೆತ್ತಿಕೊಂಡು ಎದುರುಮನೆಯ ದ್ಯಾವಯ್ಯ ಬಂದ. ಚಿನ್ನುವಿನ ಸುದ್ದಿ ಅವನ ಗದ್ದೆಯವರೆಗೂ ಹೋಗಿತ್ತು.

"ಕರಿಯಣ್ಣ, ನಮ್ ಟ್ರಾಕ್ಟರು ಗದ್ದೇಲಿ ಊತ್ಕಬುಡ್ತು. ನಿಮ್ ಮೊಮ್ಮಗ್ಳು ಕಣ್ಣಲ್ಲೇ ಎತ್ತಾಳಂತಲ್ಲ, ಒಂದ್ಗಳಿಗೆ ಕಳ್ಸಿಕೊಡು."

ಎಲ್ಲರೂ ಅವನತ್ತ ತಿರುಗಿದರು. ತಾತ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಪ್ಪ ಪೇಸ್ಟಿನ ನೊರೆಯನ್ನು ನುಂಗಿಬಿಟ್ಟ. ನಗು ನಿಲ್ಲುವ ಹೊತ್ತಿಗೆ ಹಿಂದೆ ಸರಪಳಿ ಸದ್ದಾಯಿತು. ತಿರುಗಿ ನೋಡಿದರೆ ಕೆಂಪಿ ನಾಲ್ಕೂ ಕಾಲ ಮೇಲೆ ನಿಂತು ಬಾಲ ಬೀಸುತ್ತಿತ್ತು.

ಕಂಡವಳು ಸ್ನೇಹ ಒಬ್ಬಳೇ. ಅವಳು ತಿರುಗಿರಲಿಲ್ಲ. ಕೆಂಪಿ ಮೊದಲು ತಲೆಯನ್ನು ಮುಂದಕ್ಕೆ ತೂಗಿತು. ಹಿಂಭಾಗ ಮೇಲೆದ್ದಿತು. ಮುಂಗಾಲಿನ ಮಂಡಿ ಇನ್ನೂ ನೆಲದಲ್ಲೇ ಊರಿತ್ತು. ಹಾಗೆಯೇ ಒಂದು ಚೂರು ಹೊತ್ತು ನಿಂತಿತು. ನಿನ್ನೆ ಅವಳು ಪಾಝ್ ಮಾಡಿ ನೋಡಿದ್ದ ಚಿತ್ರವೇ ಅದು. ಕುತ್ತಿಗೆಯ ಕೆಳಗೆ ಜೋಲುವ ತೊಗಲು ಕೂಡ ಹಾಗೇ ತೂಗಿತು. ಆಮೇಲೆ ಒಂದು ಮುಂಗಾಲು, ಇನ್ನೊಂದು ಮುಂಗಾಲು. ಸ್ನೇಹಳ ಕಣ್ಣು ತುಂಬಿ ಬಂತು.

ನೋಡದಿದ್ದ ತಾತ ಮುಂಗಾಲೇ ಎಂದು ತೀರ್ಪು ಕೊಟ್ಟರು. ನೋಡದಿದ್ದ ಅಜ್ಜಿ ಹಿಂಗಾಲೇ ಎಂದರು. ಕಿಶನ್ ಮಾತ್ರ ಸ್ನೇಹಳ ಮುಂದೆ ಬಂದು ನಿಂತ.

"ನೀನೇನು ನೋಡ್ದೆ, ಹೇಳು."

ಸ್ನೇಹ ಬಾಯಿ ತೆರೆದಳು. ಹೇಳಿದರೆ ಅವನು ನಂಬುವುದಿಲ್ಲ. ನಂಬಿದರೂ ಅವನಿಗೆ ಸಿಗುವುದು ಬರೀ ಮಾತು, ಕೆಂಪಿ ಎದ್ದ ಚೆಂದವಲ್ಲ.

"ನಿಮ್ಮನೇಲಿ ಎಮ್ಮೆ ಅದೆಯಲ್ಲ, ಓಗಿ ನೀನೇ ನೋಡು," ಎಂದಳು.

ಕಿಶನ್ ಮುಖ ಊದಿಸಿಕೊಂಡು ಹೋದ.

ಸಂಜೆ ಸ್ನೇಹ ಅಳುಕುತ್ತಲೇ ಅವನ ಮನೆಗೆ ಹೋದಳು. ಬಾಗಿಲಲ್ಲೇ ಅವನಮ್ಮ ಸಿಕ್ಕಿ, ಮಧ್ಯಾಹ್ನದಿಂದ ಎಮ್ಮೆ ಮುಂದೆ ಕೂತಿದ್ದಾನೆ, ಊಟಕ್ಕೆ ಕರೆದರೆ ಶ್ ಅನ್ನುತ್ತಾನೆ, ಹುಡುಗನಿಗೆ ಏನಾಯಿತೋ ಎಂದು ಗೋಳಾಡಿಕೊಂಡರು.

ಹಿತ್ತಲಲ್ಲಿ ಕಿಶನ್ ಬಕೆಟ್ಟು ಬೋರಲು ಹಾಕಿ ಕುಳಿತಿದ್ದ. ಕಣ್ಣು ಕೆಂಪಗಾಗಿತ್ತು. ತಿರುಗದೆಯೇ ಪಿಸುಗುಟ್ಟಿದ.

"ಪಾಝ್ ಆಗ್ಬುಟ್ಟದೆ ಕಣಮ್ಮಿ. ಪ್ಲೇನೇ ಆಯ್ತಾ ಇಲ್ಲ."

ಸ್ನೇಹ ಸದ್ದಿಲ್ಲದೆ ಪಕ್ಕದಲ್ಲಿ ಕುಳಿತಳು. ಜಪಾನಿನಲ್ಲೂ ಯಾರೋ ಒಬ್ಬರು ಹೀಗೇ ಹಸುವಿನ ಮುಂದೆ ಬಿಸಿಲಿಳಿಯುವವರೆಗೆ ಕೂತಿರಬೇಕು. ಅವರಮ್ಮನೂ ಊಟಕ್ಕೆ ಕರೆದು ಕರೆದು ಸುಸ್ತಾಗಿರಬೇಕು. ಬರೆದದ್ದು ಆಮೇಲೆ ಇರಬೇಕು ಎಂದು ಅವಳಿಗೆ ಅನ್ನಿಸಿತು.

ಎಮ್ಮೆ ಉಸ್ಸೆಂದು ಉಸಿರು ಬಿಟ್ಟು ತಲೆಯನ್ನು ಮುಂದಕ್ಕೆ ತೂಗಿತು. ಸ್ನೇಹ ಎಮ್ಮೆಯನ್ನು ನೋಡಲಿಲ್ಲ. ಕಿಶನ್‌ನ ಮುಖವನ್ನು ನೋಡಿದಳು.