ಠಾಣೆಯ ಹಿತ್ತಲಿನ ಲಾರಿ

ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ ದೂರು ಬಂತು. ದೂರು ಕೊಟ್ಟವರು ಸಾರಿಗೆ ಇಲಾಖೆಯ ವಾಹನ ಪರೀಕ್ಷಕರು. ಕೃತ್ಯ ನಡೆದ ಜಾಗ ಪೊಲೀಸ್ ಠಾಣೆಯದೇ ಹಿತ್ತಲು.

ಅಲ್ಲಿ ಅಪಘಾತದ ಲಾರಿಯೊಂದು ನಿಂತಿತ್ತು. ಇಸ್ತ್ರಿ ಅಂಗಡಿಯ ಹೆಂಗಸೊಬ್ಬಳು ಮಡಿಸಿದ ಬಟ್ಟೆಗಳ ಗಂಟನ್ನು ಸ್ಕೂಟರಿನಲ್ಲಿ ಇಟ್ಟುಕೊಂಡು ಹೋಗುತ್ತಿದ್ದಾಗ ಈ ಲಾರಿ ಹಿಂದಿನಿಂದ ಗುದ್ದಿತ್ತು. ಅವಳ ಬಲಗಾಲನ್ನು ಮಂಡಿಯ ಕೆಳಗೆ ತೆಗೆಯಬೇಕಾಯಿತು. ಲಾರಿಯನ್ನು ಜಪ್ತಿ ಮಾಡಿ ತಂದು ನಿಲ್ಲಿಸಿದ್ದರು. ಅದರ ತಪಾಸಣೆಗೆ ಠಾಣೆಯಿಂದ ಪತ್ರ ಹೋಗಿದ್ದೇ ತಡವಾಗಿ, ಪರೀಕ್ಷಕರು ಬಂದಿದ್ದು ಇನ್ನೂ ತಡವಾಗಿ.

"ಸ್ವಲ್ಪ ಬಗ್ಗಿ ನೋಡಿ," ಎಂದು ಪರೀಕ್ಷಕರು ಮುಂದಿನ ಚಕ್ರದ ಒಳಗೆ ಟಾರ್ಚ್ ಬಿಟ್ಟರು. "ಬ್ರೇಕಿನ ರಬ್ಬರ್ ಪೈಪು. ಕುಯ್ದಿದ್ದಾರೆ."

ಇನ್‌ಸ್ಪೆಕ್ಟರ್ ಮಂಡಿಯೂರಿ ನೋಡಿದರು. "ಅಪಘಾತಕ್ಕೆ ಇದೇ ಕಾರಣ ಇರಬಹುದಾ?"

"ಪೈಪಿನ ಮೇಲೆಲ್ಲ ಜಿಡ್ಡು, ಧೂಳು. ಕುಯ್ದ ಬಾಯಿ ಮಾತ್ರ ಹೊಚ್ಚ ಹೊಸದು. ಲಾರಿ ಇಲ್ಲಿಗೆ ಬಂದ ಮೇಲೆ ಮಾಡಿದ ಕೆಲಸ ಇದು."

ಪಕ್ಕದಲ್ಲಿದ್ದ ಹೆಡ್ ಕಾನ್‌ಸ್ಟೇಬಲ್ ತಲೆಯಾಡಿಸಿದ. "ಅವತ್ತು ಲಾರಿ ತರುವಾಗ ನಾನೇ ಪಕ್ಕದಲ್ಲಿ ಕೂತಿದ್ದೆ ಸರ್. ಇಳಿಜಾರಲ್ಲಿ ಬ್ರೇಕ್ ಹಾಕಿದ್ದಕ್ಕೆ ನನ್ನ ಹಣೆ ಗಾಜಿಗೆ ಬಡೀತು. ಬ್ರೇಕ್ ಭರ್ಜರಿಯಾಗೇ ಇತ್ತು."

ಹನ್ನೊಂದು ಗಂಟೆಗೆ ಅಪರಿಚಿತ ವ್ಯಕ್ತಿಯ ಮೇಲೆ ಎಫ್‌ಐಆರ್ ದಾಖಲಾಯಿತು. ಪೊಲೀಸ್ ವಶದಲ್ಲಿದ್ದ ವಾಹನಕ್ಕೆ ಹಾನಿ, ಸಾಕ್ಷ್ಯನಾಶ. ಎದುರಿನ ಜೆರಾಕ್ಸ್ ಅಂಗಡಿಯವನನ್ನೂ ಔಷಧಿ ಅಂಗಡಿಯವನನ್ನೂ ಪಂಚರಾಗಿ ಕರೆಸಿ ಪಂಚನಾಮೆ ಮಾಡಿದರು. ಚಕ್ರದ ಹಿಂದೆ ಮಡಿಸಿದ ಹಳೇ ಬಟ್ಟೆಯೊಂದು ಸಿಕ್ಕಿತು. ಬಿಸಿಲಿಗೆ ಕಾದ ನೆಲದ ಮೇಲೆ ಯಾರೋ ಹಾಸಿಕೊಂಡು ಕೂತ ಹಾಗಿತ್ತು. ಅದನ್ನು ಲಕೋಟೆಗೆ ಹಾಕಿ ಮೊಹರು ಮಾಡಿದರು.

ಇನ್‌ಸ್ಪೆಕ್ಟರಿಗೆ ಕೂತಲ್ಲಿ ಕೂರಲಾಗಲಿಲ್ಲ. ಮೇಲಧಿಕಾರಿಗಳ ಫೋನ್ ಎರಡು ಸಲ ಬಂದುಹೋಗಿತ್ತು. ಠಾಣೆಯ ಅಂಗಳದಲ್ಲೇ ಸಾಕ್ಷ್ಯ ಕೆಡಿಸಿದ್ದಾರೆಂದರೆ ಪೇಪರಿನವರ ಬಾಯಿಗೆ ಬೀಳುವುದಕ್ಕೆ ಎಷ್ಟು ಹೊತ್ತು? ಅವರು ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ನಡೆದಾಡಿದರು. ತರಿಸಿಟ್ಟ ಟೀ ಕೆನೆಗಟ್ಟಿತು.

ಮಧ್ಯಾಹ್ನ ಲಾರಿ ಮಾಲೀಕ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಎರಡು ಫೋನು.

"ಹೋದ ವಾರ ವಕೀಲರನ್ನ ಕರ್ಕೊಂಡು ಹಿತ್ತಲಿಗೆ ಹೋಗಿದ್ರಾ?"

"ಹೋಗಿದ್ದೆ. ಫೋಟೋ ತೆಗೆಯೋಕೆ. ನಿಮ್ಮ ಹೆಡ್ಡೇ ಜೊತೆಗಿದ್ರು."

"ಲಾರಿ ಮುಟ್ಟಿದ್ರಾ?"

"ಯಾಕೆ ಮುಟ್ಟಲಿ ಸರ್? ಬ್ರೇಕ್ ಕೆಟ್ಟಿತ್ತು ಅಂದ್ರೆ ಬರೋದು ನನ್ನ ತಲೆ ಮೇಲೆ. ನನ್ನ ಗಾಡೀನ ನಾನೇ ಹಾಳು ಅಂತ ತೋರಿಸ್ಕೊಳ್ತೀನಾ?"

ಮಾತಿನಲ್ಲಿ ಹುರುಳಿತ್ತು. ತಾನು ಜೊತೆಗಿದ್ದದ್ದು ಹೌದೆಂದು ಹೆಡ್ ಕಾನ್‌ಸ್ಟೇಬಲನೂ ಹೇಳಿದ. ಹಾಗಾದರೆ ಬ್ರೇಕ್ ಹೋಗಿತ್ತು ಎಂದರೆ ಯಾರಿಗೆ ಲಾಭ? ಚಾಲಕನಿಗೆ. ಅವನು ಜಾಮೀನಿನ ಮೇಲೆ ಹೊರಗಿದ್ದ, ಸಹಿ ಹಾಕಲು ಠಾಣೆಗೆ ಬಂದುಹೋಗುತ್ತಿದ್ದ. ಅವನನ್ನು ಕರೆಸಿದರು.

"ಬ್ರೇಕ್ ಪೈಪ್ ಕುಯ್ದವನು ನೀನೇ ತಾನೇ?"

"ಇಲ್ಲ ಸರ್."

"ಬ್ರೇಕ್ ಫೇಲ್ ಅಂದ್ರೆ ನೀನು ಬಚಾವ್."

"ಬ್ರೇಕ್ ಚೆನ್ನಾಗಿತ್ತು ಸರ್. ನಿದ್ದೆ ಎಳೀತು. ಒಂದು ಲೋಡ್ ಇಳಿಸಿದ ತಕ್ಷಣ ಇನ್ನೊಂದಕ್ಕೆ ಕಳಿಸಿದ್ರು. ಅವತ್ತೇ ಎಲ್ಲ ಹೇಳಿದ್ದೀನಲ್ಲ. ಈಗ ಸುಳ್ಳು ಹೇಳಿ ಎಲ್ಲಿಗೆ ಹೋಗಲಿ?"

ಇನ್‌ಸ್ಪೆಕ್ಟರ್ ಅವನನ್ನು ಹೊರಗೆ ಕೂರಿಸಿದರು. ಬಂಧಿಸಿಬಿಡಲೇ ಎಂದು ಅವರ ಕೈ ತುರಿಸುತ್ತಿತ್ತು. ಆದರೆ ಬ್ರೇಕಿನ ಮೇಲೆ ತಪ್ಪು ಹೊರಿಸುವ ಅವಕಾಶವನ್ನು ಅವನು ಮೊದಲ ದಿನವೇ ಬಿಟ್ಟುಕೊಟ್ಟಿದ್ದ. ಮಾತು ಬದಲಿಸುವುದೇ ಆಗಿದ್ದರೆ ಈಗ ಬದಲಿಸುತ್ತಿದ್ದ. ಅದು ಮನಸ್ಸನ್ನು ಚುಚ್ಚುತ್ತಲೇ ಇತ್ತು.

ಗೇಟಿನ ಕ್ಯಾಮೆರಾದ ದೃಶ್ಯಗಳನ್ನು ಮಹಿಳಾ ಕಾನ್‌ಸ್ಟೇಬಲ್ ಬೆಳಿಗ್ಗೆಯಿಂದ ನೋಡುತ್ತಿದ್ದಳು. ಹಿತ್ತಲಿಗೆ ಕ್ಯಾಮೆರಾ ಇರಲಿಲ್ಲ, ಯಾರು ಒಳಗೆ ಬಂದರು, ಯಾರು ಹೊರಗೆ ಹೋದರು ಎಂಬುದಷ್ಟೇ ಕಾಣುತ್ತಿತ್ತು. ಮರುದಿನ ಮಧ್ಯಾಹ್ನದ ಹೊತ್ತಿಗೆ ಅವಳು ಎದ್ದು ಬಂದಳು.

"ಸರ್, ಚಾಲಕ ಬಂದಾಗಲೆಲ್ಲ ಸಹಿ ಹಾಕಿ ತಕ್ಷಣ ಹೋಗಿದ್ದಾನೆ. ಬಂದು ತುಂಬಾ ಹೊತ್ತು ಇದ್ದವರು ಒಬ್ಬರೇ. ನಾಳೆ ಅಜ್ಜಿ."

ನಾಳೆ ಅಜ್ಜಿ ಎಂದರೆ ಗಾಯಗೊಂಡ ಹೆಂಗಸಿನ ಅತ್ತೆ. ಪರಿಹಾರಕ್ಕೆ ಅರ್ಜಿ ಹಾಕಲು ಎಫ್‌ಐಆರ್ ಪ್ರತಿ, ಪಂಚನಾಮೆ ಪ್ರತಿ, ವಾಹನದ ವರದಿ ಬೇಕೆಂದು ಆಕೆ ದಿನಾ ಬರುತ್ತಿದ್ದಳು. ಠಾಣೆಯ ಕಡತ ನೋಡಿಕೊಳ್ಳುವ ರೈಟರ್ ದಿನಾ "ನಾಳೆ ಬಾಮ್ಮ" ಎನ್ನುತ್ತಿದ್ದ. ಠಾಣೆಯವರೇ ತಮಾಷೆಗೆ ಇಟ್ಟ ಹೆಸರದು. ಕಾದು ಸುಸ್ತಾದರೆ ಹಿತ್ತಲಿಗೆ ಹೋಗಿ ಲಾರಿಯ ನೆರಳಿನಲ್ಲಿ ಕೂರುತ್ತಿದ್ದಳು. ಯಾರೂ ಬೇಡ ಎಂದಿರಲಿಲ್ಲ.

"ಆ ವಯಸ್ಸಾದವರಾ?" ಎಂದ ಹೆಡ್ ಕಾನ್‌ಸ್ಟೇಬಲ್. "ಅವರಿಗೆ ಬ್ರೇಕ್ ಎಲ್ಲಿರುತ್ತೆ ಅಂತಾದ್ರೂ ಗೊತ್ತಾ?"

"ಲಕೋಟೆಯಲ್ಲಿರೋ ಬಟ್ಟೆ ಮೇಲೆ ಸುಟ್ಟ ಗುರುತಿದೆ ಸರ್. ಇಸ್ತ್ರಿಪೆಟ್ಟಿಗೆಯ ಮೂತಿಯ ಗುರುತು," ಎಂದಳು ಮಹಿಳಾ ಕಾನ್‌ಸ್ಟೇಬಲ್.

ಮೂರು ಗಂಟೆಗೆ ಮೂವರೂ ಇಸ್ತ್ರಿ ಅಂಗಡಿ ಮುಟ್ಟಿದರು. ಎರಡು ಕಟ್ಟಡಗಳ ನಡುವಿನ ಸಂದಿಗೆ ತಗಡು ಹೊದಿಸಿದ ಅಂಗಡಿ. ಮಗ ಆಸ್ಪತ್ರೆಯಲ್ಲಿ ಹೆಂಡತಿಯ ಪಕ್ಕದಲ್ಲಿದ್ದ. ಅಜ್ಜಿ ಒಬ್ಬಳೇ ಮೇಜಿನ ಮುಂದೆ ನಿಂತು ಒಂದು ಪ್ಯಾಂಟಿಗೆ ಇಸ್ತ್ರಿಯ ಗೆರೆ ಕೂರಿಸುತ್ತಿದ್ದಳು. ಮೇಜಿನ ಅಂಚಿಗೆ ಸಿಕ್ಕಿಸಿದ್ದ ಹಾಸುಬಟ್ಟೆಗಳ ಮೇಲೆಲ್ಲ ಅದೇ ಮೂತಿಯ ಗುರುತುಗಳು.

"ಕಾಗದ ತಂದ್ರಾ?" ಎಂದಳು ಅಜ್ಜಿ ತಲೆಯೆತ್ತದೆ.

"ಇಲ್ಲಮ್ಮ. ಒಂದು ಮಾತು ಕೇಳಬೇಕಿತ್ತು. ಲಾರಿ ಹತ್ತಿರ ನಿಮ್ಮ ಬಟ್ಟೆ ಒಂದು ಸಿಕ್ಕಿದೆ."

ಅಜ್ಜಿ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದಳು. ಪ್ಯಾಂಟನ್ನು ಮಡಿಸಿದಳು. ಆಮೇಲೆ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು.

"ಮರೆತು ಬಂದೆ. ನೆಲ ಕಾದಿತ್ತು ಅಂತ ಹಾಸ್ಕೊಂಡಿದ್ದೆ."

"ಪೈಪ್ ಕುಯ್ದವರು ನೀವೇನಾ?"

"ನಾನೇ. ಚಾಕು ಸಾಲಲಿಲ್ಲ, ಗಡುಸು ರಬ್ಬರು. ಮಾರನೇ ದಿನ ಗರಗಸದ ಬ್ಲೇಡ್ ತಗೊಂಡು ಬಂದೆ."

ಹೆಡ್ ಕಾನ್‌ಸ್ಟೇಬಲ್ ಒಂದು ಹೆಜ್ಜೆ ಮುಂದೆ ಬಂದ.

"ಯಾವುದು ಬ್ರೇಕ್ ಪೈಪು ಅಂತ ಹೇಗೆ ಗೊತ್ತಾಯ್ತು?"

"ನಮ್ಮ ಯಜಮಾನರು ಲಾರಿ ಓಡಿಸ್ತಿದ್ರು. ಮದುವೆಯಾದ ಹೊಸತರಲ್ಲಿ ನಾನೂ ಜೊತೆಗೆ ಹೋಗ್ತಿದ್ದೆ. ಅವರು ಕೆಳಗೆ ಮಲಗಿ ರಿಪೇರಿ ಮಾಡೋರು, ನಾನು ಸ್ಪ್ಯಾನರ್ ಕೊಡ್ತಿದ್ದೆ."

"ಯಾಕಮ್ಮ ಮಾಡಿದ್ರಿ?"

ಅಜ್ಜಿ ಸ್ಟೂಲಿನ ಮೇಲೆ ಕೂತಳು. "ಅವರ ಕೈಯಲ್ಲೂ ಒಂದು ಅಪಘಾತ ಆಯ್ತು. ತಪ್ಪೆಲ್ಲ ಡ್ರೈವರಂದು, ನನಗೂ ಅದಕ್ಕೂ ಸಂಬಂಧ ಇಲ್ಲ ಅಂದುಬಿಟ್ಟ ಮಾಲೀಕ. ಗಾಯಗೊಂಡವನ ತಂದೆ ನಮ್ಮ ಬಾಗಿಲಿಗೆ ಬಂದು ಕೂತ. ನಮ್ಮ ಹತ್ತಿರ ಏನಿತ್ತು ಕೊಡೋಕೆ? ಕೂತು ಕೂತು ಎದ್ದು ಹೋದ. ಈಗ ಈ ಹುಡುಗನೂ ನಿದ್ದೆ ಬಂತು, ತಪ್ಪು ನಂದೇ ಅಂತಿದ್ದಾನೆ. ನಾಳೆ ನಾವು ಯಾರ ಬಾಗಿಲಿಗೆ ಹೋಗಿ ಕೂರೋದು? ಅವನದ್ದಾ? ಅವನಿಗೆ ಬಾಗಿಲಾದ್ರೂ ಇದೆಯೋ ಇಲ್ಲವೋ. ಲಾರಿನೇ ಸರಿಯಿಲ್ಲ ಅಂತಾದ್ರೆ ಮಾಲೀಕ ತಪ್ಪಿಸ್ಕೊಳ್ಳೋಕೆ ಆಗಲ್ಲ ಅಂದ್ಕೊಂಡೆ."

"ವಕೀಲರನ್ನ ಕೇಳಬಹುದಿತ್ತಲ್ಲ?"

"ಹೋಗಿದ್ದೆ. ಗುಮಾಸ್ತ ಹೊರಗಡೆ ಬೆಂಚಲ್ಲಿ ಕೂರಿಸಿ, ಪೊಲೀಸ್ ಕಾಗದ ಇಲ್ಲದೆ ಸಾಹೇಬರು ಮಾತಾಡಲ್ಲ ಅಂದ. ನಿಮ್ಮಲ್ಲಿ ಬಂದ್ರೆ ನಾಳೆ."

ಹೆಡ್ ಕಾನ್‌ಸ್ಟೇಬಲ್ ಇನ್‌ಸ್ಪೆಕ್ಟರನ್ನು ರಸ್ತೆಯ ಅಂಚಿಗೆ ಕರೆದು ದನಿ ತಗ್ಗಿಸಿದ.

"ಸರ್, ಪೈಪು ಅಪಘಾತದಲ್ಲೇ ಹೋಗಿತ್ತು ಅಂತ ಬಿಟ್ಬಿಡೋಣವಾ? ಪರೀಕ್ಷಕರಿಗೆ ನಾನು ಹೇಳ್ತೀನಿ. ಠಾಣೆ ಮರ್ಯಾದೆಯೂ ಉಳಿಯುತ್ತೆ, ಆ ತಾಯಿಯೂ ಉಳೀತಾರೆ."

ಇನ್‌ಸ್ಪೆಕ್ಟರಿಗೂ ಅದೇ ಯೋಚನೆ ಒಂದು ಗಳಿಗೆ ಬಂದಿತ್ತು. ಅವರು ಚಪ್ಪಡಿ ಕಲ್ಲಿನ ಮೇಲೆ ಬೂಟು ಉಜ್ಜುತ್ತ ನಿಂತರು. ಆಮೇಲೆ ವಾಪಸ್ ಬಂದು ಅಜ್ಜಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತರು.

"ಅಮ್ಮ, ಕೇಳಿ. ಡ್ರೈವರ್ ತಪ್ಪು ಮಾಡಿದ್ರೂ ಪರಿಹಾರಕ್ಕೆ ಹೊಣೆ ಮಾಲೀಕನೇ. ಕೆಲಸಕ್ಕೆ ಇಟ್ಕೊಂಡವನು ಅವನು. ಅವನ ಪರವಾಗಿ ಕೊಡೋದು ವಿಮೆ ಕಂಪನಿ. ಆ ಹುಡುಗನ ತಪ್ಪೊಪ್ಪಿಗೆ ಮಾತೇ ನಿಮ್ಮ ಸೊಸೆಗೆ ದೊಡ್ಡ ಆಧಾರ."

ಅಜ್ಜಿ ಕಣ್ಣು ಮಿಟುಕಿಸದೆ ನೋಡಿದಳು. "ಮತ್ತೆ ನಮ್ಮ ಯಜಮಾನರ ಕಾಲದಲ್ಲಿ?"

"ಆಗಲೂ ಹಾಗೇ ಇತ್ತು. ನಿಮಗೂ, ಬಾಗಿಲಿಗೆ ಬಂದು ಕೂತಿದ್ದವರಿಗೂ ಯಾರೂ ಹೇಳಲಿಲ್ಲ."

"ನಾನು ಪೈಪ್ ಕುಯ್ದಿದ್ದಕ್ಕೆ ಈಗ ಏನಾಗುತ್ತೆ?"

"ಲಾರಿ ಸುಸ್ಥಿತಿಯಲ್ಲಿ ಇರಲಿಲ್ಲ ಅಂತ ವರದಿ ಹೋದ್ರೆ ವಿಮೆಯವರು ಅದನ್ನೇ ಹಿಡ್ಕೊಂಡು ಕೈ ತೊಳ್ಕೊಳ್ಳೋಕೆ ನೋಡ್ತಾರೆ. ಕೇಸು ವರ್ಷಗಟ್ಟಲೆ ಎಳೆಯುತ್ತೆ."

ತಗಡಿನ ಮೇಲೆ ಕಾಗೆಯೊಂದು ಕುಪ್ಪಳಿಸುವ ಸದ್ದಾಯಿತು. ಅಜ್ಜಿ ಎದ್ದು ಇಸ್ತ್ರಿಪೆಟ್ಟಿಗೆಯ ಪ್ಲಗ್ ಕಿತ್ತಳು.

"ಹಾಗಾದ್ರೆ ಬರ್ಕೊಳ್ಳಿ. ಬ್ರೇಕ್ ಚೆನ್ನಾಗಿತ್ತು, ಆಮೇಲೆ ನಾನೇ ಕುಯ್ದೆ ಅಂತ ಬರೀರಿ. ಯಾರು ಓದಿದ್ರೂ ಅನುಮಾನ ಬರದ ಹಾಗೆ ಬರೀರಿ."

"ಬಂಧಿಸಬೇಕಾಗುತ್ತೆ."

"ಮಾಡಿ. ಸೊಸೆ ಕಾಲಿನ ವಿಷಯ ಅದು."

ಬ್ಲೇಡನ್ನು ಅಜ್ಜಿಯೇ ಮೇಜಿನ ಕೆಳಗಿನ ಡಬ್ಬಿಯಿಂದ ತೆಗೆದುಕೊಟ್ಟಳು. ಪಂಚರ ಎದುರು ಅದನ್ನು ವಶಪಡಿಸಿಕೊಂಡರು. ಹೆಂಗಸನ್ನು ಸೂರ್ಯ ಮುಳುಗಿದ ಮೇಲೆ ಬಂಧಿಸುವಂತಿಲ್ಲ. ನಾಲ್ಕೂವರೆಗೆ ಮಹಿಳಾ ಕಾನ್‌ಸ್ಟೇಬಲ್ ಬಂಧನದ ಪತ್ರ ಓದಿ ಹೇಳಿದಳು, ಅಜ್ಜಿ ಅದಕ್ಕೆ ಹೆಬ್ಬೆಟ್ಟು ಒತ್ತಿದಳು. ಹೊರಗೆ ಕೂತಿದ್ದ ಚಾಲಕನನ್ನು ಹಿಂದಿನ ಸಂಜೆಯೇ ಮನೆಗೆ ಕಳಿಸಿದ್ದರು.

ಠಾಣೆಗೆ ಬಂದ ಕೂಡಲೇ ಇನ್‌ಸ್ಪೆಕ್ಟರ್ ರೈಟರನ ಮೇಜಿನಿಂದ ಇಸ್ತ್ರಿ ಅಂಗಡಿಯ ಕಡತ ಎಳೆದುಕೊಂಡರು. ಕೇಳಿದ್ದ ಪ್ರತಿಗಳನ್ನೆಲ್ಲ ಅರ್ಧ ಗಂಟೆಯಲ್ಲಿ ತಯಾರು ಮಾಡಿಸಿ ಸಹಿ ಹಾಕಿದರು. ಉಚಿತ ಕಾನೂನು ನೆರವಿನ ಕೇಂದ್ರಕ್ಕೆ ತಾವೇ ಫೋನ್ ಮಾಡಿದರು. ಅಲ್ಲಿನ ವಕೀಲೆ ಬೆಳಿಗ್ಗೆ ಆಸ್ಪತ್ರೆಗೇ ಹೋಗಿ ಅರ್ಜಿಗೆ ಸಹಿ ತೆಗೆದುಕೊಳ್ಳುತ್ತೇನೆ, ಅಜ್ಜಿಯ ಜಾಮೀನಿಗೂ ನಿಲ್ಲುತ್ತೇನೆ ಎಂದರು.

ವರದಿಯಲ್ಲಿ ಕೃತ್ಯದ ಉದ್ದೇಶ ಬರೆಯುವ ಜಾಗಕ್ಕೆ ಬಂದಾಗ ಇನ್‌ಸ್ಪೆಕ್ಟರ್ ನಿಧಾನವಾಗಿ ಹೇಳಿ ಬರೆಸಿದರು: "ತನ್ನ ಸೊಸೆಗೆ ಪರಿಹಾರ ಕೊಡಬೇಕಾದವರು ಯಾರೆಂಬುದು ಆರೋಪಿಗೆ ತಿಳಿದಿರಲಿಲ್ಲ. ತಿಳಿದುಕೊಳ್ಳಲು ಈ ಠಾಣೆಗೆ ಹಲವು ಬಾರಿ ಬಂದಿದ್ದರು. ಯಾರೂ ತಿಳಿಸಲಿಲ್ಲ."

ರೈಟರ್ ಪೆನ್ನು ನಿಲ್ಲಿಸಿದ. "ಇದು ನಮ್ಮ ಮೇಲೇ ಬರುತ್ತಲ್ಲ ಸರ್."

"ಬರಲಿ."

ಬಂಧನದ ವಿಷಯ ಮನೆಯವರಿಗೆ ತಿಳಿಸಬೇಕಿತ್ತು. ಮಗನ ನಂಬರಿಗೆ ಮಹಿಳಾ ಕಾನ್‌ಸ್ಟೇಬಲ್ ಫೋನ್ ಮಾಡಿದಳು. ಎತ್ತಿದ್ದು ಸೊಸೆ. ಗಂಡ ಔಷಧಿ ತರಲು ಹೋಗಿದ್ದಾರೆ ಎಂದಳು. ಕಾನ್‌ಸ್ಟೇಬಲ್ ಎಲ್ಲವನ್ನೂ ಹೇಳಿದಳು.

"ಅತ್ತೆಗೆ ಒಬ್ಬರೇ ಮಲಗಿ ಅಭ್ಯಾಸ ಇಲ್ಲ," ಎಂದಳು ಸೊಸೆ. "ನಿಮ್ಮಲ್ಲಿ ಯಾರಾದ್ರೂ ಜೊತೆಗಿರ್ತೀರಾ?"

"ನಾನಿರ್ತೀನಿ ಅಕ್ಕ," ಎಂದಳು ಕಾನ್‌ಸ್ಟೇಬಲ್.