ನರ್ಸಮ್ಮನ ಸ್ಪ್ರಿಂಗ್ ಸೈಕಲ್

ಚೆನ್ನಕೇಶವನಿಗೆ ನನ್ನ ಮೇಲೆ ಮೊದಲು ಹುಟ್ಟಿದ್ದು ಪ್ರೀತಿಯಲ್ಲ, ಸಿಟ್ಟು. ಅದಕ್ಕೆ ಕಾರಣ ಒಂದು ಬೀಗದ ಕೈ.

ಕೆಲಮಂಗಲದ ಬಸ್‌ಸ್ಟ್ಯಾಂಡ್ ಪಕ್ಕದಲ್ಲಿ ಅವನ ಸೈಕಲ್ ಶಾಪು. ನಾನು ವೆಂಕಟಲಕ್ಷ್ಮಿ, ಸುತ್ತಲಿನ ಹಳ್ಳಿಗಳಿಗೆ ಸೈಕಲ್ಲಿನಲ್ಲಿ ಹೋಗಿ ಸೂಜಿ ಹಾಕುವ, ಬಸುರಿಯರನ್ನು ನೋಡುವ ಸರ್ಕಾರಿ ನರ್ಸು. ಹೊಸೂರಿನ ಮೇಷ್ಟರ ಮಗಳು. ಎಂಬತ್ಮೂರನೇ ಇಸವಿಯ ಕಾರ್ತಿಕ ಮಾಸದ ಒಂದು ಮಧ್ಯಾಹ್ನ ಹಳ್ಳಿಯಿಂದ ವಾಪಸು ಬಂದವಳೇ ಅವನ ಹತ್ತಿರ ಪಂಕ್ಚರ್ ಹಾಕಿಸಿದೆ. ಕೆಲಸ ಮುಗಿಸಿ ಅವನು ಸೈಕಲ್ಲಿನ ಬೀಗದ ಕೈಯನ್ನು ನನ್ನ ಅಂಗೈಯಲ್ಲಿ ಇಟ್ಟ. ಅದು ನೆಲಕ್ಕೆ ಬಿತ್ತು. ಎತ್ತಿ ಮತ್ತೆ ಕೊಟ್ಟ. ಮತ್ತೆ ಬಿತ್ತು.

ಮೂರನೇ ಸಲ ಅವನು ಕೈಗೆ ಕೊಡಲಿಲ್ಲ. ಬೆಂಚಿನ ಮೇಲಿಟ್ಟು ಒಂದೇ ಬೆರಳಿನಿಂದ ನನ್ನ ಕಡೆಗೆ ತಳ್ಳಿದ.

"ಅಲ್ಲಿಂದ ತಗಳ್ಳಿ ನರ್ಸಮ್ಮಾ. ನಮ್ಮ ಕೈ ತಾಕಿದ್ರೆ ಆಗಾಕಿಲ್ಲ ಅಂದ್ರೆ ಬಾಯ್ಬುಟ್ಟು ಹೇಳ್ಬೋದಾಗಿತ್ತು."

ಆ ಮಾತಿಗೆ ನನಗೆ ಕೋಪ ಬರಬೇಕಿತ್ತು, ಇಲ್ಲವೇ ಅವಮಾನವಾಗಬೇಕಿತ್ತು. ಎರಡೂ ಆಗಲಿಲ್ಲ. ಆ ವರ್ಷ ನನಗೆ ಯಾವುದೂ ಆಗುತ್ತಿರಲಿಲ್ಲ. ಬೀಗದ ಕೈ ತೆಗೆದುಕೊಂಡು ಹೊರಟೆ.

ಆಮೇಲೆ ಪ್ರತಿ ಸಲವೂ ಹಾಗೆಯೇ. ಗಾಳಿ ಹೊಡೆಸಲು ಹೋದರೆ, ಬ್ರೇಕ್ ಕಟ್ಟಿಸಲು ಹೋದರೆ, ಬೀಗದ ಕೈ ಬೆಂಚಿನ ಮೇಲೆ ಜಾರಿಕೊಂಡು ಬರುತ್ತಿತ್ತು. ಆ ಮನುಷ್ಯನ ಬೆರಳು ಉದ್ದ, ಉಗುರಿನ ಸಂದಿಯಲ್ಲಿ ಗ್ರೀಸು, ಮುಖದಲ್ಲಿ ಮಾತ್ರ ಮಹಾರಾಜನ ಗತ್ತು. ನೋಡಲು ಚೆನ್ನಾಗಿದ್ದ ಎಂದು ಈಗ ಹೇಳುತ್ತೇನೆ. ಆಗ ಅದನ್ನೂ ಗಮನಿಸಿರಲಿಲ್ಲ.

ಗುಟ್ಟು ರಟ್ಟಾದದ್ದು ಟೀ ಗ್ಲಾಸಿನಿಂದ. ಒಂದು ಶನಿವಾರ ಹಿಂದಿನ ಗಾಲಿ ಬಿಚ್ಚಿದ್ದ, ಹೊತ್ತಾಗುತ್ತದೆ ಎಂದು ಪಕ್ಕದ ಹೋಟೆಲಿನಿಂದ ನನಗೂ ಟೀ ತರಿಸಿದ. ನಾನು ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದು ರಸ್ತೆ ನೋಡುತ್ತಾ ಕೂತಿದ್ದೆ.

"ಕೆಳಗಿಡಿ! ನರ್ಸಮ್ಮಾ, ಕೆಳಗಿಡಿ ಅದ್ನ!"

ಬೆಚ್ಚಿ ಇಟ್ಟೆ. ಅವನು ಹಿಂದುಮುಂದು ನೋಡದೆ ನನ್ನ ಕೈ ತಿರುಗಿಸಿ ನೋಡಿದ. ಬೆರಳುಗಳು ಕೆಂಪಾಗಿ ಸುಟ್ಟಿದ್ದವು.

"ಕುದಿಯೋ ಟೀ ಅದು. ಸುಡ್ಲಿಲ್ವಾ ನಿಮ್ಗೆ?"

"ಗೊತ್ತಾಗಲಿಲ್ಲ" ಎಂದೆ. "ಹಳ್ಳಿಯಿಂದ ಸೈಕಲ್ ತುಳಿದು ಬಂದ ಮೇಲೆ ಒಂದು ಗಂಟೆ ನನ್ನ ಬೆರಳಿಗೆ ಏನೂ ಗೊತ್ತಾಗಲ್ಲ. ರಸ್ತೆ ತುಂಬಾ ಜಲ್ಲಿ. ಹ್ಯಾಂಡಲ್ ಅದುರಿ ಅದುರಿ ಹೀಗಾಗಿದೆ."

ಅವನು ನನ್ನ ಕೈ ಬಿಟ್ಟ. ಕಣ್ಣು ಬೆಂಚಿನ ಕಡೆ ಹೋಯಿತು. ತಾನು ಇಷ್ಟು ದಿನ ಬೀಗದ ಕೈ ತಳ್ಳಿದ ಜಾಗ ಅದು.

"ಅಂಗಾದ್ರೆ ಅವತ್ತು ಬೀಗದ ಕೈ..."

"ಬಿದ್ದಿದ್ದೂ ಗೊತ್ತಾಗಲಿಲ್ಲ. ಸದ್ದು ಕೇಳಿದ ಮೇಲೆ ತಿಳೀತು."

"ಥೂ" ಎಂದ, ನನಗಲ್ಲ, ತನಗೇ. "ಅದ್ನ ಅವತ್ತೇ ಹೇಳಕ್ಕೇನಾಗಿತ್ತು ನಿಮ್ಗೆ?"

"ನೀವು ಕೇಳಲಿಲ್ಲ."

ಅವನು ತಲೆ ಕೆರೆದುಕೊಂಡ. ಗ್ರೀಸು ಹಣೆಗೆ ಹತ್ತಿತು. ಆಮೇಲೆ ಡಬ್ಬಿಯೊಂದನ್ನು ತೆರೆದು, "ಕಣ್ ಮುಚ್ಕಳಿ" ಎಂದ. ಮುಚ್ಚಿದೆ. "ಕೈಯಾಗೆ ಬೇರಿಂಗ್ ಗುಂಡು ಇಟ್ಟಿವ್ನಿ. ಮುಂದಿನ ಗಾಲೀದು ಸಣ್ಣದು, ಹಿಂದಿನ ಗಾಲೀದು ದಪ್ಪ. ಯಾವ್ದು ಹೇಳಿ."

"ಇಟ್ಟಿದ್ದೀರಾ?" ಎಂದು ಕೇಳಿದೆ.

ಕಣ್ಣು ತೆರೆದರೆ ಅಂಗೈಯಲ್ಲಿ ಎರಡೂ ಗುಂಡುಗಳು ಹೊಳೆಯುತ್ತಿದ್ದವು, ಅವನ ಮುಖ ಬಾಡಿತ್ತು. ನನಗಾಗಿ ಯಾರದೋ ಮುಖ ಬಾಡುವುದನ್ನು ಬಹಳ ದಿನದ ಮೇಲೆ ನೋಡಿದೆ.

ಚೆನ್ನಕೇಶವ ಹೊಸೂರಿನ ಕಾರ್ಖಾನೆಯೊಂದರಲ್ಲಿ ಎರಡು ವರ್ಷ ಕೆಲಸ ಮಾಡಿ, ಶಿಫ್ಟು ಒಗ್ಗದೆ ಬಿಟ್ಟು ಬಂದವನು. ಅಲ್ಲಿ ಕಲಿತ ಸ್ಪ್ರಿಂಗಿನ ವಿದ್ಯೆ ಸುಮ್ಮನೆ ಕೊಳೆಯುತ್ತಿತ್ತು. ಅದಕ್ಕೆ ನಾನು ಸಿಕ್ಕಿದೆ. ಮುಂದಿನ ವಾರ ಹೊಸೂರಿನ ಗುಜರಿಯಿಂದ ಸ್ಪ್ರಿಂಗು ತಂದು, ಸೀಟಿನ ಕೆಳಗಿನ ಕಂಬಿ ಇಳಿಯುವ ಪೈಪಿನೊಳಗೆ ಹಾಕಿದ. ಕೂತರೆ ಕಂಬಿ ಮೆತ್ತಗೆ ಒಳಗಿಳಿದು ಮತ್ತೆ ಮೇಲೇಳುತ್ತಿತ್ತು. ಸೀಟು ಗಿರ್ರನೆ ತಿರುಗದಂತೆ ಪೈಪಿಗೆ ಸೀಳು ಕೊರೆದು ಅಡ್ಡಕ್ಕೆ ಒಂದು ಪಿನ್ನು ಬಡಿದ.

ಮೊದಲ ದಿನ ಸೊಂಟಕ್ಕೆ ಸುಖವಾಯಿತು. ಸುಖವಾಯಿತೆಂದು ಜೋರಾಗಿ ತುಳಿದೆ. ಜೋರಾಗಿ ತುಳಿದದ್ದಕ್ಕೆ ಕೈ ಮೊದಲಿಗಿಂತ ಹೆಚ್ಚು ಸತ್ತುಹೋಯಿತು. ಬಂದು ಹೇಳಿದೆ.

"ಕೂರೋ ಜಾಗಕ್ಕೆ ಉಪಚಾರ ಮಾಡಿ ಕೈ ಮರ್ತೋಗ್ಬುಟ್ಟೆ" ಎಂದು ಹಲ್ಲು ಕಚ್ಚಿದ. ಹ್ಯಾಂಡಲ್ಲಿನ ಕತ್ತನ್ನು ಕತ್ತರಿಸಿ, ನಡುವೆ ಕೀಲು ಇಟ್ಟು, ಕೀಲಿನ ಕೆಳಗೆ ಇನ್ನೊಂದು ಸ್ಪ್ರಿಂಗು ಕೂರಿಸಿದ. ಅದು ಬಹಳ ಮೆತ್ತಗಾಯಿತು. ಬ್ರೇಕು ಹಿಡಿದಾಗಲೆಲ್ಲ ಹ್ಯಾಂಡಲ್ಲು ತಲೆ ಬಗ್ಗಿಸುತ್ತಿತ್ತು. ನರ್ಸಮ್ಮನ ಸೈಕಲ್ಲು ದಾರಿಯಲ್ಲಿ ಸಿಕ್ಕ ಎಮ್ಮೆಗೂ ಕೈಮುಗಿಯುತ್ತದೆ ಎಂದು ಹಳ್ಳಿಯವರು ನಕ್ಕರು. ನನಗೂ ನಗು ಬರಬಹುದಿತ್ತು. ಬರಲಿಲ್ಲ.

"ನೀವು ನಗಾದೇ ಇಲ್ವಲ್ಲ" ಎಂದ, ಕೀಲಿಗೆ ಲಾರಿಯ ರಬ್ಬರ್ ತುಂಡು ಸೇರಿಸುತ್ತಾ. "ಕೈ ಒಂದೇನಾ, ಒಳಗೂ ಅಂಗೇನಾ?"

ಯಾರೂ ಹಾಗೆ ನೇರವಾಗಿ ಕೇಳಿರಲಿಲ್ಲ. ಅದಕ್ಕೇ ಹೇಳಿಬಿಟ್ಟೆ.

ಹಿಂದಿನ ಬೇಸಿಗೆಯಲ್ಲಿ, ರಾಯಕೋಟೆ ಕಡೆಯ ಒಂದು ಹಳ್ಳಿಯ ಅಂಜಿನಮ್ಮನಿಗೆ ನೋವು ಶುರುವಾಗಿತ್ತು. ಹತ್ತು ಮೈಲಿ ತುಳಿದು ಹೋದೆ. ಹೊಟ್ಟೆ ಮುಟ್ಟಿ ನೋಡಿದರೆ ಬೆರಳಿಗೆ ಏನೂ ತಿಳಿಯಲಿಲ್ಲ. ಸ್ವಲ್ಪ ಹೊತ್ತು ಕಾದಿದ್ದರೆ ಬೆರಳಿಗೆ ಜೀವ ಬರುತ್ತಿತ್ತು. ಇಲ್ಲವೇ, ನನಗೆ ತಿಳಿಯುತ್ತಿಲ್ಲ, ಗಾಡಿ ಕಟ್ಟಿ ಎನ್ನಬಹುದಿತ್ತು. ಸುತ್ತ ನಾಲ್ಕು ಹೆಂಗಸರು ನನ್ನ ಬಾಯಿಯನ್ನೇ ನೋಡುತ್ತಿದ್ದರು. "ತಲೆ ಕೆಳಗಿದೆ, ಭಯವಿಲ್ಲ" ಎಂದೆ. ತಲೆ ಮೇಲಿತ್ತು. ಕಾಲು ಮೊದಲು ಬಂತು. ಮಗು ಉಳಿಯಲಿಲ್ಲ.

"ಅಂಜಿನಮ್ಮ ನನ್ನನ್ನ ಒಂದು ಮಾತೂ ಅನ್ನಲಿಲ್ಲ" ಎಂದೆ. "ಅವತ್ತಿನಿಂದ ಹೀಗೆ. ರಾಜೀನಾಮೆ ಬರೆದು ಬ್ಯಾಗಲ್ಲಿ ಇಟ್ಕೊಂಡಿದ್ದೀನಿ. ತಾರೀಕು ಹಾಕೋದೊಂದೇ ಬಾಕಿ."

ಚೆನ್ನಕೇಶವ ಸ್ಪಾನರ್ ಕೆಳಗಿಟ್ಟ. ಸಮಾಧಾನದ ಮಾತು ಹೇಳುತ್ತಾನೆ ಎಂದುಕೊಂಡೆ. ಹೇಳಲಿಲ್ಲ, ಪುಣ್ಯಾತ್ಮ.

"ಕೈ ಸರಿ ಹೋಗಾಗಂಟ ಹಾಕ್ಬ್ಯಾಡಿ" ಎಂದ. "ಆಮ್ಯಾಕೆ ನಿಮ್ಮಿಷ್ಟ."

ಹಾಗೆ ಪ್ರತಿ ಶನಿವಾರ ಪರೀಕ್ಷೆ ಶುರುವಾಯಿತು. ಹಳ್ಳಿಯಿಂದ ನೇರ ಅಂಗಡಿಗೆ ಬರಬೇಕು, ಕಣ್ಣು ಮುಚ್ಚಬೇಕು, ಗುಂಡು ಯಾವುದೆಂದು ಹೇಳಬೇಕು. ಅದರ ಜೊತೆಗೆ ಸೀಟಿನ ಲೆಕ್ಕ. ಹಳೇ ಟ್ಯೂಬಿನಿಂದ ಕತ್ತರಿಸಿದ ರಬ್ಬರ್ ಉಂಗುರವೊಂದನ್ನು ಸೀಟಿನ ಕಂಬಿಗೆ ತೊಡಿಸಿದ್ದ. ಕೂತಾಗ ಕಂಬಿ ಪೈಪಿನೊಳಗೆ ಎಷ್ಟು ಇಳಿಯಿತೋ ಅಷ್ಟು ಉಂಗುರ ಸರಿದು ನಿಲ್ಲುತ್ತಿತ್ತು. ನಾನು ಮೆಲ್ಲಗೆ ಕೂತು ಇಳಿಯುವವರೆಗೆ ಅವನು ಬಸ್‌ಸ್ಟ್ಯಾಂಡಿನ ಕಡೆ ಮುಖ ತಿರುಗಿಸಿ ನಿಲ್ಲುತ್ತಿದ್ದ. ಕಿವಿ ಮಾತ್ರ ಕೆಂಪಾಗುತ್ತಿತ್ತು. ಇಳಿದ ಮೇಲೆ ಬಂದು ಉಂಗುರ ನೋಡುತ್ತಿದ್ದ.

ಮಾಘದಲ್ಲಿ ಒಂದು ದಿನ ಉಂಗುರ ನೋಡಿ ಹುಬ್ಬು ಗಂಟಿಕ್ಕಿದ.

"ಮೊದ್ಲು ಎರಡು ಬೆರಳು ಇಳೀತಿತ್ತು. ಈಗ ಒಂದೂವರೆ."

"ಸ್ಪ್ರಿಂಗು ಗಟ್ಟಿಯಾಯ್ತೇನೋ."

"ಸ್ಪ್ರಿಂಗು ಹಳೇದಾದ್ರೆ ಮೆತ್ತಗಾಯ್ತದೆ, ಗಟ್ಟಿ ಆಗಾಕಿಲ್ಲ. ನೀವು ಊಟ ಮಾಡ್ತಿಲ್ಲ."

"ಅದು ನಿಮಗ್ಯಾಕೆ?"

"ನಂಗ್ಯಾಕಾ? ಇಳ್ದೋದ ನಿಮ್ ತೂಕಕ್ಕೆ ಇನ್ನೊಂದು ಸ್ಪ್ರಿಂಗ್ ತರಕ್ಕೆ ನಾನೇ ಹೊಸೂರ್ಗೆ ಹೋಗ್ಬೇಕು. ಅದ್ರ ಬದ್ಲು ನೀವು ಉಂಡ್ಬುಟ್ರೆ ನನ್ ಕೆಲ್ಸ ತಪ್ತದೆ."

ಅಂಗಡಿಯ ಹಿಂದೆಯೇ ಅವನ ಮನೆ. ಅವನ ತಾಯಿ ಚಿನ್ನಮ್ಮ ಆಗಲೇ ಬಾಗಿಲಲ್ಲಿ ನಿಂತಿದ್ದಳು, ಎಲ್ಲ ಮೊದಲೇ ಮಾತಾಗಿದ್ದ ಹಾಗೆ. "ಬಾರವ್ವ, ಮುದ್ದೆ ಆರೋಯ್ತದೆ" ಎಂದಳು. ಹುರುಳಿ ಸಾರಿನಲ್ಲಿ ಮುದ್ದೆ ಉಂಡೆ. ರುಚಿ ತಿಳಿಯಲಿಲ್ಲ, ಹೊಟ್ಟೆ ತುಂಬಿದ್ದು ತಿಳಿಯಿತು. ಮರುವಾರವೂ ಉಂಡೆ. ಮೂರನೇ ವಾರ ಸಾರಿಗೆ ಉಪ್ಪು ಜಾಸ್ತಿ ಎನ್ನಿಸಿತು, ಹೇಳಿದೆ. ತಾಯಿ ಮಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಹಬ್ಬದ ಹಾಗೆ ಹಿಗ್ಗಿದರು.

ಅದೇ ತಿಂಗಳು ಹಳ್ಳಿಯಲ್ಲಿ ಅಂಜಿನಮ್ಮ ನನ್ನ ಸೈಕಲ್ಲಿಗೆ ಅಡ್ಡ ನಿಂತಳು. ಮತ್ತೆ ಬಸುರಿ, ಏಳು ತಿಂಗಳು.

"ಬೇರೆ ನರ್ಸನ್ನ ಕಳಿಸ್ತೀನಿ" ಎಂದೆ, ಅವಳ ಮುಖ ನೋಡದೆ.

"ಯಾಕವ್ವ? ಅವತ್ತು ನನ್ ಜೊತೆ ಕೂಸಿಗಾಗಿ ಅತ್ತೋಳು ನೀನೊಬ್ಳೇ. ನೀನೇ ಬರ್ಬೇಕು."

ಅತ್ತಿದ್ದೆನೇ? ನನಗೆ ನೆನಪಿರಲಿಲ್ಲ. ಬ್ಯಾಗಿನಲ್ಲಿದ್ದ ಕಾಗದಕ್ಕೆ ಏಪ್ರಿಲ್ ಒಂದು ಎಂದು ತಾರೀಕು ಹಾಕಿಬಿಡಬೇಕೆಂದು ಅಂದೇ ಪೆನ್ನು ತೆಗೆದೆ. ಅವಳಿಗೆ ನೋವು ಬರುವ ಹೊತ್ತಿಗೆ ನಾನು ಹೊಸೂರಿನಲ್ಲಿ ಅಪ್ಪನ ಮನೆ ಸೇರಿರಬಹುದಿತ್ತು. ಶನಿವಾರ ಚೆನ್ನಕೇಶವನಿಗೆ ಅದನ್ನೇ ಹೇಳಿದೆ.

ಅವನು ನನ್ನ ಕಣ್ಣು ಮುಚ್ಚಿಸಿ ಕೈಯಲ್ಲಿ ಗುಂಡು ಇಟ್ಟ. "ಯಾವ್ದು?"

"ಸಣ್ಣದು. ಮುಂದಿನ ಗಾಲೀದು."

"ಈಗ?"

"ದಪ್ಪದು."

"ಈಗ?"

"ಎರಡು. ಒಂದೊಂದು ತರದ್ದು."

"ಹತ್ತು ಮೈಲಿ ತುಳ್ಕಂಡು ಈಗ್ ತಾನೇ ಇಳ್ದಿದ್ದೀರ" ಎಂದ ಮೆಲ್ಲಗೆ. "ಕೈ ಆಯ್ತು. ಹೆದ್ರಿಕೆಗೆ ಸ್ಪ್ರಿಂಗು ನನ್ನತ್ರ ಇಲ್ಲ, ನರ್ಸಮ್ಮಾ. ನೀವು ಹೋದ್ರೆ ಬ್ಯಾಡ ಅನ್ನಾಕಿಲ್ಲ. ಶನಿವಾರ ಮಾತ್ರ ನಂಗೆ ಹೊತ್ತು ಹೋಗಾಕಿಲ್ಲ."

ಅಷ್ಟೇ ಹೇಳಿ ಡಬ್ಬಿ ಮುಚ್ಚಿದ. ನಾನು ತಾರೀಕು ಹಾಕಲಿಲ್ಲ. ಅವನಿಗಾಗಿಯೋ, ಅಂಜಿನಮ್ಮನಿಗಾಗಿಯೋ, ಆಗ ನನಗೆ ತಿಳಿಯಲಿಲ್ಲ.

ಯುಗಾದಿ ಕಳೆದು ಎರಡು ವಾರಕ್ಕೆ ಬೆಳಿಗ್ಗೆ ಹತ್ತು ಗಂಟೆಗೆ ಅಂಜಿನಮ್ಮನ ಮನೆಯಿಂದ ಕರೆ ಬಂತು. ಅದೇ ಹತ್ತು ಮೈಲಿ, ಅದೇ ಜಲ್ಲಿ. ಸೀಟು ಇಳಿಯಿತು, ಎದ್ದಿತು. ಹ್ಯಾಂಡಲ್ಲು ಹಳ್ಳಕ್ಕೆಲ್ಲ ತಾನೇ ತಲೆ ಬಗ್ಗಿಸಿ ನನ್ನ ಕೈಗಳನ್ನು ಉಳಿಸಿತು. ಅಂಜಿನಮ್ಮನ ಚಾಪೆಯ ಪಕ್ಕ ಕೂತಾಗ ಸುತ್ತ ಅದೇ ನಾಲ್ಕು ಹೆಂಗಸರು.

ಹೊಟ್ಟೆಯ ಮೇಲೆ ಕೈ ಇಟ್ಟೆ. ಎಡ ಪಕ್ಕೆಲುಬಿನ ಕೆಳಗೆ ಗುಂಡಗೆ, ಗಟ್ಟಿಯಾಗಿ, ಬೆರಳಿಗೆ ಸಿಕ್ಕಿ ಜಾರುವಂಥದ್ದು ತಲೆ. ಮತ್ತೊಮ್ಮೆ ಮುಟ್ಟಿ ನೋಡಿದೆ. ಅನುಮಾನವೇ ಇರಲಿಲ್ಲ.

"ತಲೆ ಮೇಲಿದೆ" ಎಂದೆ. "ಇಲ್ಲಿ ಆಗಲ್ಲ. ಕೃಷ್ಣಗಿರಿ ದೊಡ್ಡಾಸ್ಪತ್ರೆಗೆ ಹೋಗಬೇಕು, ಈಗಲೇ. ಗಾಡಿ ಕಟ್ಟಿ. ನಾನೂ ಬರ್ತೀನಿ."

ಗಾಡಿಯಲ್ಲಿ ರಾಯಕೋಟೆ, ಅಲ್ಲಿಂದ ಬಸ್ಸು. ದಾರಿಯುದ್ದಕ್ಕೂ ಅಂಜಿನಮ್ಮ ನನ್ನ ಕೈ ಹಿಂಡಿದಳು, ಆ ನೋವು ನನಗೆ ಪೂರ್ತಿ ತಿಳಿಯಿತು. ಸಂಜೆ ನಾಲ್ಕಕ್ಕೆ ಆಪರೇಷನ್ ಆಗಿ ಹೆಣ್ಣುಮಗು ಹುಟ್ಟಿತು. ಅತ್ತಿತು. ನಾನು ಅಳಲಿಲ್ಲ, ವರಾಂಡದ ಬೆಂಚಿನ ಮೇಲೆ ಸುಮ್ಮನೆ ಕೂತೆ. ಸಂತೋಷ ಬರಲು ಇನ್ನೂ ಸ್ವಲ್ಪ ಹೊತ್ತು ಬೇಕಿತ್ತು.

ಮೂರು ದಿನ ಅವಳ ಜೊತೆಗಿದ್ದು ಶನಿವಾರ ಮಧ್ಯಾಹ್ನ ಕೆಲಮಂಗಲದಲ್ಲಿ ಬಸ್ ಇಳಿದೆ. ಸೈಕಲ್ಲನ್ನು ಹಳ್ಳಿಯಲ್ಲೇ ಬಿಟ್ಟಿದ್ದೆ, ಬೀಗದ ಕೈಯನ್ನೂ ಅದರಲ್ಲೇ. ನೋಡಿದರೆ ಅದು ಚೆನ್ನಕೇಶವನ ಅಂಗಡಿಯ ಮುಂದೆ ನಿಂತಿತ್ತು, ಒರೆಸಿ, ಎಣ್ಣೆ ಬಿಟ್ಟು.

"ಹತ್ತು ಮೈಲಿ ನಡ್ಕೊಂಡು ಹೋಗಿ ತಂದ್ರಾ?" ಎಂದೆ.

"ವಾಪಸ್ ಬತ್ತಾ ತುಳ್ಕಂಡು ಬಂದೆ" ಎಂದ. "ಹೆಣ್ಮಗು ಅಂತಲ್ಲ. ಹಳ್ಳಿಯೋರು ಹೇಳಿದ್ರು." ಸೀಟಿನ ಮೇಲೆ ಕೈ ಆಡಿಸಿದ. "ನಂಗೆ ಸೀಟು ನಾಲ್ಕು ಬೆರಳು ಇಳ್ದೋಯ್ತು. ನಿಮ್ಗೊಬ್ರಿಗೇ ಸರಿಯಾಗಿ ಮಾಡಿವ್ನಿ ನೋಡಿ."

ಜೇಬಿನಿಂದ ಬೀಗದ ಕೈ ತೆಗೆದ. ಅಭ್ಯಾಸದಂತೆ ಬೆಂಚಿನ ಮೇಲಿಟ್ಟು, ಒಂದು ಬೆರಳಿನಿಂದ ತಳ್ಳಲು ಹೋದ.

"ಅಲ್ಲಿ ಬೇಡ" ಎಂದೆ. ಕಣ್ಣು ಮುಚ್ಚಿ ಅಂಗೈ ಚಾಚಿದೆ. "ಕೈಗೆ ಕೊಡಿ."

ಬಸ್ಸಿನವನು ಹಾರನ್ ಹೊಡೆದ. ಆಮೇಲೆ ಅಂಗೈಗೆ ಬೀಗದ ಕೈ ಬಂತು, ಬಿಸಿಲಿಗೆ ಬೆಚ್ಚಗಾಗಿ. ಅದನ್ನು ಇಟ್ಟ ಬೆರಳು ವಾಪಸು ಹೋಗಲಿಲ್ಲ.

"ಏನೇನೈತೆ, ಹೇಳಿ" ಎಂದ.

"ಬೀಗದ ಕೈ. ಗ್ರೀಸು. ನಿಮ್ಮ ಬೆರಳು. ನಡುಗ್ತಿದೆ."

"ಅದು ನಿಮ್ದು, ನನ್ದಲ್ಲ."

"ಇಬ್ರದ್ದೂ."

ಅಂಗೈ ಮಡಚಿ ಅವನ ಬೆರಳನ್ನು ಹಿಡಿದುಕೊಂಡೆ. ಮರಗಟ್ಟಿದ್ದು ಬಿಡುವಾಗ ಜುಮ್ಮೆಂದು ನೋಯುತ್ತದೆ, ಹೆದರಬೇಡಿ ಎಂದು ಊರೂರಿಗೆ ಹೇಳುವ ನರ್ಸು ನಾನು. ಅಂಥ ನನಗೇ ಆ ನೋವು ತಡೆಯಲಾಗಲಿಲ್ಲ. ಬಸ್‌ಸ್ಟ್ಯಾಂಡಿನ ಜನರೆಲ್ಲ ನೋಡುತ್ತಿರುವಾಗ, ಒಂದು ವರ್ಷದ ಅಳುವನ್ನು ಅಲ್ಲೇ ನಿಂತು ಅತ್ತೆ.

ಅವನು ಬೆರಳು ಬಿಡಿಸಿಕೊಳ್ಳಲಿಲ್ಲ. ಎಡಗೈಯಲ್ಲಿ ಸ್ಟೂಲು ಎಳೆದು ನನ್ನ ಹಿಂದೆ ಇಟ್ಟ. "ಕೂತ್ಕಂಡು ಅಳಿ" ಎಂದ. "ಅಮ್ಮ ಮುದ್ದೆ ಮಾಡ್ತಾ ಅವಳೆ."

"ಬ್ಯಾಗಲ್ಲಿ ಒಂದು ಕಾಗದ ಇದೆ" ಎಂದೆ ಮೂಗು ಒರೆಸುತ್ತಾ. "ಒಲೆಗೆ ಹಾಕೋಕೆ ಅಮ್ಮಂಗೆ ಕೊಡಿ."